ಹಬ್ಬಕ್ಕೆ ಮೊದಲಿನ ದ್ರಾಕ್ಷಿ

ಚುಕ್ಕಾಣಿ ಕೋಣೆಯ ಗೋಡೆಯ ಮೇಲೆ ಸಂತ ಇರಲಿಲ್ಲ.

ಇದ್ದದ್ದು ಒಂದು ಮೊಳೆ. ಮೊಳೆಯ ಕೆಳಗೆ ದೀಪದ ಹೊಗೆ ತಾಗದೆ ಬೆಳ್ಳಗೆ ಉಳಿದ ಒಂದು ಚೌಕ. ಅದರ ಕೆಳಗಿನ ಹಲಗೆಯ ಮೇಲೆ ಇನ್ನೂ ಉರಿಯುತ್ತಿದ್ದ ಎಣ್ಣೆದೀಪ. ದೀಪದ ಪಕ್ಕದಲ್ಲಿ ಅಲ್ಲಿರಬಾರದ ಇನ್ನೊಂದು ವಸ್ತು — ದ್ರಾಕ್ಷಿ ಗೊಂಚಲಿನ ಬೋಳು ಕಡ್ಡಿ.

ಮೊದಲು ನೋಡಿದವನು ಕ್ಯಾಪ್ಟನ್ ಯಾಕೊವೊಸ್. ಅವನ ಕೂಗು ಕೇಳಿ, ಹಡಗಿನ ಹಿಂಬದಿಯಲ್ಲಿ ಹಗ್ಗ ಸುತ್ತುತ್ತಿದ್ದ ಮಹ್ರೂಸ್ ಯಾರೋ ನೀರಿಗೆ ಬಿದ್ದರೆಂದು ತಿಳಿದು ತೇಲುಬಳೆ ಎತ್ತಿಕೊಂಡೇ ಓಡಿಬಂದ. ಬಾಗಿಲಲ್ಲಿ ನಿಂತು ಖಾಲಿ ಗೋಡೆ ನೋಡಿದ. ಅವನ ಎದೆಯೂ ಧಸಕ್ಕೆಂದಿತು. ನಾವಿಕರನ್ನು ಕಾಯುವ ಆ ಪಟದ ಸಂತ ನಿಕೊಲಾಸ್ ಅವನ ದೇವರಲ್ಲ, ನಿಜ. ಆದರೆ ಮೀಸೆ ಕಪ್ಪಗಿದ್ದ ಕಾಲದಿಂದ ಪ್ರತಿ ಬೆಳಿಗ್ಗೆ ಆ ಬೆಳ್ಳಿ ಕವಚದ ಮುದುಕನ ಮುಖ ನೋಡಿಯೇ ಅವನು ಲಂಗರು ಎತ್ತುತ್ತಿದ್ದ.

'ಮರಿಗೋ' ದೊಡ್ಡ ಹಡಗಲ್ಲ. ಮರದ ಹಳೆಯ ಮೈ, ಎರಡು ಕೂವೆಮರ, ಇಪ್ಪತ್ತು ಚಿಲ್ಲರೆ ಪ್ರವಾಸಿಗರಿಗಾಗುವಷ್ಟು ಕೋಣೆಗಳು. ಬೇಸಿಗೆ ಪೂರ್ತಿ ದ್ವೀಪದಿಂದ ದ್ವೀಪಕ್ಕೆ ಅವರನ್ನು ಸುತ್ತಿಸುವುದೇ ಅದರ ಕೆಲಸ. ಕೆಲಸದವರು ನಾಲ್ಕೇ ಜನ. ಕ್ಯಾಪ್ಟನ್; ಅಡುಗೆ, ಹಾಸಿಗೆ, ಪ್ರವಾಸಿಗರ ಬೇಕುಬೇಡ ನೋಡಿಕೊಳ್ಳುವ ಅವನ ತಂಗಿ ಆಂಥಿ; ಎಂಜಿನ್ ನೋಡಿಕೊಳ್ಳುವ ಅವಳ ಗಂಡ ಸ್ಟ್ರಾಟೋಸ್; ಉಳಿದದ್ದೆಲ್ಲ ಮಾಡುವ ಮಹ್ರೂಸ್. ಅಂದು ಬೆಳಿಗ್ಗೆ ಹಡಗು ಸ್ಖಿನೂಸಾ ದ್ವೀಪದ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಪ್ರವಾಸಿಗರೆಲ್ಲ ಎಡಬದಿಯ ಏಣಿ ಇಳಿದು ಈಜುತ್ತಿದ್ದರು. ಬಲಬದಿಯಲ್ಲಿ ಯಾರೂ ಇರಲಿಲ್ಲ.

ಆಂಥಿ ಏಪ್ರನ್ನಿಗೆ ಕೈ ಒರೆಸುತ್ತ ಬಂದಳು. ಗೋಡೆ ನೋಡಿ ಮೂರು ಸಲ ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. ಆಮೇಲೆ ಅವಳ ಕಣ್ಣು ಹಲಗೆಯ ಮೇಲಿನ ಕಡ್ಡಿಗೆ ಹೋಯಿತು.

"ರಕ್ಷಕನ ಹಬ್ಬ ಇನ್ನೂ ನಾಡಿದ್ದು," ಅಂದಳು ಮೆಲ್ಲಗೆ. "ಪಾದ್ರಿ ಮಂತ್ರಿಸಿ ಕೊಡೋಕೆ ಮೊದಲೇ ದ್ರಾಕ್ಷಿ ಬಾಯಿಗಿಡೋರು ಈ ಹಡಗಲ್ಲಿ ಯಾರಿದಾರೆ?"

ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಲ್ಲಿ ಕ್ರೈಸ್ತನಲ್ಲದ ಕೆಲಸದವನು ಒಬ್ಬನೇ. ಕ್ಯಾಪ್ಟನ್ನನ ತಲೆ ಗಾಳಿಕೋಳಿಯ ಹಾಗೆ ಮಹ್ರೂಸನ ಕಡೆ ತಿರುಗಿತು.

ಮುಂದಿನದು ಎಲ್ಲರ ಕಣ್ಣೆದುರೇ ನಡೆಯಿತು. ಯಾಕೊವೊಸ್ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಡೆಕ್ಕಿನ ನಡುವಿಗೆ ಎಳೆತಂದ. ನೀರಿನಿಂದ ಏರಿಬಂದು ಟವೆಲ್ ಸುತ್ತಿಕೊಂಡು ನಿಂತಿದ್ದ ಪ್ರವಾಸಿಗರ ಮುಂದೆ ನಿಲ್ಲಿಸಿದ. ತೋಳು ನೀಡಿ, ಬೆರಳು ಚಾಚಿ, ಕೊಲ್ಲಿಯ ಗುಡ್ಡಗಳು ಮಾರ್ದನಿಸುವಂತೆ ಕೂಗಿದ.

"ಕಳ್ಳ! ಈ ಅರಬ್ಬಿ ಕಳ್ಳ! ಉಪ್ಪು ತಿಂದ ಮನೆಗೇ ಕನ್ನ ಹಾಕಿದಾನೆ!"

ಪ್ರವಾಸಿಗರಲ್ಲಿ ಯಾರಿಗೂ ಗ್ರೀಕ್ ಬರುತ್ತಿರಲಿಲ್ಲ. ಆದರೆ ಚಾಚಿದ ಬೆರಳಿಗೆ ಭಾಷೆ ಬೇಕಿಲ್ಲ. ಹಿಂದಿನ ದಿನವಷ್ಟೇ ಮಹ್ರೂಸನ ಕೈ ಹಿಡಿದು ಏಣಿ ಹತ್ತಿದ್ದ ಒಬ್ಬ ಜರ್ಮನ್ ಮುದುಕ ಕುರ್ಚಿಯ ಕೆಳಗಿದ್ದ ತನ್ನ ಚೀಲವನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಮಹ್ರೂಸ್ ಅದನ್ನು ನೋಡಿದ. ಕೊರಳಪಟ್ಟಿ ಹರಿದದ್ದಕ್ಕಿಂತ ಅದಕ್ಕೇ ಅವನ ಮೈ ಉರಿದುಹೋಯಿತು.

ಆಮೇಲೆ ಅವನ ಮಲಗುವ ಗೂಡನ್ನು ಶೋಧಿಸಿದರು. ಶೋಧಿಸುವುದೇನು, ಕೆದಕಿ ಚೆಲ್ಲಾಡಿದರು. ಚೀಲ ಬೋರಲು ಹಾಕಿದರು, ಹಾಸಿಗೆಯ ಹೊಲಿಗೆ ಬಿಚ್ಚಿದರು. ಅವನ ತಾಯಿಯ ಫೋಟೋ ನೆಲಕ್ಕೆ ಬಿದ್ದು ಸ್ಟ್ರಾಟೋಸನ ಎಣ್ಣೆಬೂಟಿನ ಕೆಳಗೆ ಸಿಕ್ಕಿತು. ಸಂತ ಸಿಗಲಿಲ್ಲ.

"ಸಿಗಲ್ಲ," ಅಂದ ಕ್ಯಾಪ್ಟನ್. "ಎಲ್ಲೋ ಸಾಗಿಸಿರ್ತಾನೆ." ಆಮೇಲೆ ದ್ವೀಪದ ಬಂದರು ಪೊಲೀಸರಿಗೆ ಫೋನು ಮಾಡಿದ.

*

ಬಂದರು ಪೊಲೀಸ್ ಅಂದರೆ ಆ ದ್ವೀಪಕ್ಕೆ ಒಬ್ಬಳೇ — ಪೊಲಿಕ್ಸೆನಿ. ಅಗಲ ಭುಜದ, ಐವತ್ತರ ಆಸುಪಾಸಿನ ಹೆಂಗಸು. ಬಿಸಿಲಿಗೆ ಸುಲಿದ ಮೂಗು. ಬಲೆ ಎತ್ತಲು ಹೊರಟಿದ್ದ ಬೆಸ್ತನೊಬ್ಬ ಅವಳನ್ನು ಏಣಿಯ ಬುಡಕ್ಕೆ ಬಿಟ್ಟು ಹಾಗೇ ಮುಂದಕ್ಕೆ ಹೋದ. ಅವಳು ಬರುವಾಗಲೇ ಸಿಡುಕಿನಲ್ಲಿದ್ದಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ಯಾರ್ಯಾರ ಕೋಣೆ ಹುಡುಕಿದ್ರಿ, ಕ್ಯಾಪ್ಟನ್?"

"ಇವನದು."

"ಆಮೇಲೆ?"

"ಆಮೇಲೆ ಯಾಕೆ? ಕಳ್ಳ ಇವನೇ ಅಂತ ಗೊತ್ತಿದೆಯಲ್ಲ."

"ಗೊತ್ತಿದ್ರೆ ನನ್ನನ್ನ ಯಾಕೆ ಕರೆಸಿದ್ರಿ? ಕೈಗೆ ಬೇಡಿ ಹಾಕೋದಷ್ಟಕ್ಕೇನಾ?"

ಯಾಕೊವೊಸ್ ಹಲ್ಲು ಕಚ್ಚಿದ. ಅವಳು ಚುಕ್ಕಾಣಿ ಕೋಣೆಗೆ ಹೋಗಿ ಗೋಡೆ ನೋಡಿದಳು, ಮೊಳೆ ಮುಟ್ಟಿದಳು. ಗಾಳಿಗೆಂದು ತೆರೆದಿಟ್ಟಿದ್ದ ಬಲಬದಿಯ ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತಳು. ಕೊನೆಗೆ ಆ ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ತಿರುಗಿಸಿ ನೋಡಿದಳು. ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡಳು.

ವಿಚಾರಣೆ ಹಿಂಬದಿಯ ಊಟದ ಮೇಜಿನ ಹತ್ತಿರ ನಡೆಯಿತು. ಪ್ರವಾಸಿಗರಿಗೆಂದು ಇಟ್ಟಿದ್ದ ಕಲ್ಲಂಗಡಿ, ಅಂಜೂರ, ಕಪ್ಪು ದ್ರಾಕ್ಷಿಯ ತಟ್ಟೆಗಳು ಹಾಗೇ ಇದ್ದವು. ಆಗಸ್ಟಿನ ಕಡಜಗಳು ಕೇಳಬೇಕೇ? ಆಂಥಿ ಡಬ್ಬಿಯೊಂದರಲ್ಲಿ ಕಾಫಿಪುಡಿ ಸುಟ್ಟು ಹೊಗೆ ಹಾಕುತ್ತಿದ್ದಳು. ಹೊಗೆಗೆ ಹೆದರಿದ ಕಡಜಗಳು ಮೇಜು ಬಿಟ್ಟು ಬಲಬದಿಯ ಕಟಕಟೆ ದಾಟಿ ಕೆಳಕ್ಕೆ ಇಳಿಯುತ್ತಿದ್ದವು. ಅವುಗಳ ಕಡೆ ಯಾರಿಗೂ ಗಮನವಿರಲಿಲ್ಲ.

ಸಂತನ ಕಥೆಯನ್ನು ಕ್ಯಾಪ್ಟನ್ ಹೇಳಿದ. ಅಜ್ಜ ಆಚೆ ದಡದ ಊರು ಬಿಟ್ಟು ಓಡಿಬಂದಾಗ ಮಗುವಿನ ಜೊತೆ ಎದೆಗವಚಿಕೊಂಡು ತಂದದ್ದು ಅದೊಂದನ್ನೇ. ಅಪ್ಪ ಸಾಯುವಾಗ ಮಕ್ಕಳಿಬ್ಬರ ಕೈಯನ್ನೂ ಆ ಪಟದ ಮೇಲಿರಿಸಿ ಆಣೆ ಹಾಕಿಸಿದ್ದ — ಸಂತ ಚುಕ್ಕಾಣಿ ಕೋಣೆಯಲ್ಲಿ ಇರುವ ತನಕ 'ಮರಿಗೋ' ಬೇರೆಯವರ ಕೈ ಸೇರಕೂಡದು.

"ಇರುವ ತನಕ," ಅಂದಳು ಪೊಲಿಕ್ಸೆನಿ. "ಈಗ ಇಲ್ಲ. ಈಗ ಮಾರಬಹುದಾ?"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾರಾದ್ರೂ ಕೇಳೋಕೆ ಬಂದಿದ್ರಾ?"

"ಬರ್ತಾನೇ ಇರ್ತಾರೆ," ಅಂದ ಸ್ಟ್ರಾಟೋಸ್. ಗಂಟೆಗಟ್ಟಲೆ ಎಂಜಿನ್ ಕೋಣೆಯಲ್ಲಿ ನೀರೆತ್ತುವ ಪಂಪು ಬಿಚ್ಚಿ ಕೂತಿದ್ದವನು. ಮೊಣಕೈವರೆಗೆ ಕರಿ ಗ್ರೀಸು. "ನಾನಾಗಿದ್ರೆ ಎಂದೋ ಕೊಟ್ಟುಬಿಡ್ತಿದ್ದೆ. ಭಾವನಿಗೆ ಗೋಡೆ ಮೇಲಿರೋ ಮುದುಕನದೇ ಚಿಂತೆ, ಕೆಳಗೆ ಎಂಜಿನ್ ಕೊನೆಯುಸಿರು ಎಳೀತಿರೋದು ಕಾಣಲ್ಲ."

ಅಂದವನು ಕೈಚಾಚಿ ತಟ್ಟೆಯಿಂದ ನಾಲ್ಕು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡ. ಗೊಂಚಲಿನ ಮೇಲೆ ಅವನ ಹೆಬ್ಬೆಟ್ಟಿನ ಕರಿ ಗುರುತು ಉಳಿಯಿತು.

"ಎರಡು ದಿನ ಬಾಯಿ ಕಟ್ಟೋಕಾಗಲ್ವಾ ನಿಮಗೆ?" ಎಂದು ಆಂಥಿ ಗದರಿದಳು. "ದೇವರು ಮನೆ ಬಿಟ್ಟು ಹೋಗಿದಾನೆ, ಇವರಿಗೆ ಹಣ್ಣು."

"ಸುಮ್ನಿರೆ. ದೊಡ್ಡೋರ ಕಾಲದಲ್ಲಿ ಆಯ್ತು ಅದೆಲ್ಲ," ಎಂದು ಕ್ಯಾಪ್ಟನ್ ತಾನೂ ಒಂದು ಬಾಯಿಗೆಸೆದುಕೊಂಡು, ಬೀಜವನ್ನು ಸಮುದ್ರಕ್ಕೆ ಉಗಿದ. ಸಿಟ್ಟು ಬಂದಾಗ ಏನನ್ನಾದರೂ ಜಗಿಯುವುದು ಅವನ ಚಾಳಿ.

ಪೊಲಿಕ್ಸೆನಿ ಮಹ್ರೂಸನ ಕಡೆ ತಿರುಗಿದಳು.

"ನಿನ್ನ ಹೆಸರು?"

"ಮನೋಲಿಸ್," ಎಂದು ಕ್ಯಾಪ್ಟನ್ ನಡುವೆ ಬಾಯಿ ಹಾಕಿದ.

"ಮಹ್ರೂಸ್," ಅಂದ ಮಹ್ರೂಸ್. ಆ ಹಡಗಿನಲ್ಲಿ ಅವನಿಗೆ ಎರಡು ಹೆಸರಿದ್ದವು. ಕ್ಯಾಪ್ಟನ್ ಖುಷಿಯಲ್ಲಿದ್ದರೆ ಮನೋಲಿಸ್, ಸಿಟ್ಟಾದರೆ ಅರಬ್ಬಿ. ಹೆತ್ತವರಿಟ್ಟ ಹೆಸರು ಹಿಡಿದು ಕರೆಯುತ್ತಿದ್ದವಳು ಆಂಥಿ ಒಬ್ಬಳೇ.

"ಇವತ್ತು ದ್ರಾಕ್ಷಿ ತಿಂದಿದೀಯಾ, ಮಹ್ರೂಸ್?"

ಅವನಿಗೆ ಪಿತ್ತ ನೆತ್ತಿಗೇರಿತು. ಇವಳೂ ಅದೇ ಜಾತಿ ಎಂದುಕೊಂಡ.

"ತಿಂದಿದೀನಿ. ರೊಟ್ಟಿ ಜೊತೆ. ದಿನಾ ತಿಂತೀನಿ. ಅದಕ್ಕೂ ಬೇಡಿ ಹಾಕ್ತೀರಾ?"

"ಎಲ್ಲಿ ಕೂತು ತಿಂದೆ?"

"ಹಿಂಬದಿ ಹಗ್ಗದ ಸುರುಳಿ ಮೇಲೆ."

"ಚುಕ್ಕಾಣಿ ಕೋಣೆಯಲ್ಲಿ?"

"ಅಲ್ಲಿ ನಾನು ನೀರು ಕೂಡ ಕುಡಿಯಲ್ಲ. ಅದು ನಿಮ್ಮ ಸಂತನ ಜಾಗ."

"ಬಾಡಿದ್ದು, ಹುಳಿಯಾಗಿರೋ ಸಣ್ಣದು — ಅದನ್ನೂ ತಿಂತೀಯಾ?"

"ಯಾರಾದ್ರೂ ತಿಂತಾರಾ ಅದನ್ನ? ಇದೆಂಥ ಪ್ರಶ್ನೆ ಕೇಳ್ತಿದೀರಿ ಅಮ್ಮಾ? ನನ್ನ ಬದುಕು ಬೀದಿಗೆ ಬಿದ್ದಿದೆ, ನೀವು ಹಣ್ಣಿನಂಗಡಿ ಲೆಕ್ಕ ಕೇಳ್ತಿದೀರಿ!"

ಅವಳು ಕಳವಿನ ಹೊತ್ತಿಗೆ ಯಾರು ಎಲ್ಲಿದ್ದರೆಂದು ಎಲ್ಲರನ್ನೂ ಒಂದು ಸುತ್ತು ಕೇಳಿದಳು. ಕ್ಯಾಪ್ಟನ್ ಮುಂಬದಿಯಲ್ಲಿ ನಿಂತು ಈಜುವವರ ಮೇಲೆ ಕಣ್ಣಿಟ್ಟಿದ್ದನಂತೆ. ಸ್ಟ್ರಾಟೋಸ್ ಎಂಜಿನ್ ಕೋಣೆಯಲ್ಲಿ. ಆಂಥಿ ಅಡುಗೆಮನೆಯಲ್ಲಿ. ಮಹ್ರೂಸ್ ಹಿಂಬದಿಯಲ್ಲಿ. ಎಲ್ಲರೂ ಒಬ್ಬೊಬ್ಬರೇ ಇದ್ದರು, ಯಾರನ್ನು ಯಾರೂ ನೋಡಿರಲಿಲ್ಲ. ಸಾಕ್ಷಿ ಅಂತ ಹೇಳಬಹುದಾದದ್ದು ಆ ಕಡ್ಡಿ ಒಂದೇ.

"ದೂರು ಬರೆದುಕೊಡ್ತೀರಾ?" ಎಂದು ಕೊನೆಗೆ ಕ್ಯಾಪ್ಟನ್ನನ್ನು ಕೇಳಿದಳು.

"ಈಗಲೇ."

"ಹಾಗಾದ್ರೆ ಇವನು ನನ್ನ ಜೊತೆ ದಡಕ್ಕೆ ಬರಬೇಕು. ಕಾನೂನು."

ಮಹ್ರೂಸ್ ಚೆಲ್ಲಾಪಿಲ್ಲಿಯಾದ ತನ್ನ ಸಾಮಾನನ್ನು ಚೀಲಕ್ಕೆ ತುರುಕಿದ. ಕಳ್ಳತನದ ದೂರು ಮೈಗಂಟಿದರೆ ಮುಂದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ನೀರಿನಲ್ಲಿ ಇನ್ನಾವ ಹಡಗೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಇರಲು ಕೊಟ್ಟ ಪರವಾನಗಿ ಹೋಗುತ್ತದೆ. ನೈಲ್ ನದಿ ಸಮುದ್ರ ಸೇರುವ ತನ್ನ ಬೆಸ್ತರ ಊರಿಗೆ ಅವನು ಕಳ್ಳನೆಂಬ ಹೆಸರು ಹೊತ್ತು ಇಳಿಯಬೇಕು. ಊರಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿರುತ್ತದೆ.

ಆಂಥಿ ಓಡಿಬಂದು ಒಂದು ಬಟ್ಟೆಗಂಟನ್ನು ಅವನ ಕೈಯಲ್ಲಿಟ್ಟಳು. ರೊಟ್ಟಿ, ಟೊಮೇಟೊ, ಗಿಣ್ಣು. ಅವಳ ಕಣ್ಣು ತುಂಬಿತ್ತು.

"ತಪ್ಪಾಯ್ತು ಅಂತ ಒಪ್ಪಿಕೊಂಡುಬಿಡು ಮಹ್ರೂಸ್. ಬೇಗ ಮುಗಿದುಹೋಗುತ್ತೆ."

ರಂಜಾನ್ ತಿಂಗಳಲ್ಲಿ ಸೂರ್ಯ ಮುಳುಗಿದ ಕೂಡಲೇ ಅವನ ಮುಂದೆ ಬಿಸಿ ಸೂಪು ತಂದಿಡುತ್ತಿದ್ದ ಕೈಗಳು ಅವು.

"ಮಾಡದ ತಪ್ಪು ಹೇಗೆ ಒಪ್ಪಿಕೊಳ್ಲಿ ಅಕ್ಕಾ?" ಅಂದ. ಅವಳು ಮುಖ ಆ ಕಡೆ ತಿರುಗಿಸಿದಳು. ದುಃಖಕ್ಕೆ ತಿರುಗಿಸಿದಳೆಂದೇ ಅವನು ತಿಳಿದ.

*

ಹಡಗಿನ ಪುಟ್ಟ ಮರದೋಣಿ ಬಲಬದಿಯಲ್ಲಿ ಕಟ್ಟಿತ್ತು. ದಿನಾ ಹಡಗಿನ ಹಿಂದೆ ಹಗ್ಗದಲ್ಲಿ ತೇಲುತ್ತಿದ್ದ ಅದನ್ನು ಅಂದು ಗಾಳಿ ಜೋರಾಗಿದ್ದರಿಂದ ಮಹ್ರೂಸನೇ ಬೆಳಿಗ್ಗೆ ಎಳೆತಂದು ಅಲ್ಲಿ ಬಿಗಿದಿದ್ದ. ಸರಿಯಾಗಿ ಚುಕ್ಕಾಣಿ ಕೋಣೆಯ ಕಿಟಕಿಯ ಕೆಳಗೆ. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಸ್ಟ್ರಾಟೋಸ್ ಮೊದಲು ಇಳಿದು ಮೋಟಾರಿನ ಹತ್ತಿರ ಕುಳಿತ. ಪೊಲಿಕ್ಸೆನಿ ಮುಂದೆ ಕುಳಿತಳು. ಮಹ್ರೂಸ್ ನಡುವೆ ಕಾಲಿಟ್ಟನೋ ಇಲ್ಲವೋ, ಪಾದದ ಹತ್ತಿರ ಬೆಂಕಿಯಂತೆ ಚುರ್ ಎಂದಿತು. ಕಾಲು ಕೊಡವಿದ. ಮತ್ತೊಂದು ಚುಚ್ಚಿತು. ಬೈಗುಳ ಅವನ ಬಾಯಿಂದ ಹುಟ್ಟೂರಿನ ಭಾಷೆಯಲ್ಲೇ ಬಂತು. ಇಡೀ ದಿನದ ಅವಮಾನದ ಮೇಲೆ ಇದೊಂದು.

"ಏನಾಯ್ತು?"

"ಕಡಜ. ತಳದ ತುಂಬ ಕಡಜ!"

ಪೊಲಿಕ್ಸೆನಿ ಬಗ್ಗಿದಳು. ದೋಣಿಯ ತಳದ ಹಲಗೆಗಳ ಸಂದಿಯಲ್ಲಿ ಒಂದಿಷ್ಟು ನೀರು ನಿಂತಿತ್ತು. ಆ ನೀರಿನಲ್ಲಿ, ಹಲಗೆಗಳ ಮೇಲೆ, ಹಗ್ಗದ ಮಡಿಕೆಯಲ್ಲಿ — ಕರ್ರಗೆ, ದುಂಡಗೆ ದ್ರಾಕ್ಷಿಗಳು. ಬಿದ್ದ ರಭಸಕ್ಕೆ ಒಡೆದವುಗಳಿಗೆ ಕಡಜಗಳು ಮುತ್ತಿದ್ದವು. ಉಳಿದವು ಹಾಗೇ ಇಡಿಯಾಗಿದ್ದವು.

"ಮೋಟಾರ್ ನಿಲ್ಸಿ," ಅಂದಳು.

"ಇನ್ನೂ ಶುರುನೇ ಮಾಡಿಲ್ಲ," ಅಂದ ಸ್ಟ್ರಾಟೋಸ್.

"ಮಾಡಬೇಡಿ."

ತಲೆಯ ಮೇಲಿನ ಟೋಪಿ ತೆಗೆದು, ಕಡಜಗಳನ್ನು ಕೈಯಿಂದ ತಳ್ಳುತ್ತ, ದ್ರಾಕ್ಷಿಗಳನ್ನು ಒಂದೊಂದಾಗಿ ಟೋಪಿಗೆ ತುಂಬಿದಳು. ಒಂದು ಕಡಜ ಅವಳ ಹೆಬ್ಬೆರಳನ್ನು ಚುಚ್ಚಿತು. ಅವಳು ಲೆಕ್ಕಕ್ಕಿಡಲಿಲ್ಲ. ಮೇಲಿನ ಕಿಟಕಿ ನೋಡಿದಳು, ಕೆಳಗಿನ ದೋಣಿ ನೋಡಿದಳು. ಆಮೇಲೆ ಮಹ್ರೂಸನ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ಅವಳ ಕಿವಿ ಕೆಂಪಾಯಿತು.

"ಹತ್ತು ಮೇಲೆ," ಅಂದಳು. "ನಿನ್ನನ್ನ ಒಯ್ಯೋ ಕೆಲಸ ಇಲ್ಲ."

*

ಟೋಪಿಯನ್ನು ಊಟದ ಮೇಜಿನ ನಡುವೆ ಇಟ್ಟಳು. ಪಕ್ಕದಲ್ಲಿ ಕರವಸ್ತ್ರ ಬಿಚ್ಚಿ ಕಡ್ಡಿ ಇಟ್ಟಳು. ಕ್ಯಾಪ್ಟನ್, ಸ್ಟ್ರಾಟೋಸ್, ಆಂಥಿ ಮೂವರನ್ನೂ ಕೂರಿಸಿದಳು. ಮಹ್ರೂಸ್ ನಿಂತೇ ಇದ್ದ, ಊದುತ್ತಿರುವ ಕಾಲಿನ ಮೇಲೆ.

"ಈ ಕಡ್ಡಿ ನನಗೆ ಬೆಳಿಗ್ಗೆಯಿಂದ ತಲೆ ತಿಂತಿತ್ತು. ತಿನ್ನೋನು ಒಳ್ಳೇದು ತಿಂದು ಬಾಡಿದ್ದು ಬಿಡ್ತಾನೆ. ಇದರಲ್ಲಿ ಸಾಸಿವೆ ಕಾಳಷ್ಟು ಇದ್ದದ್ದನ್ನೂ ಬಿಟ್ಟಿಲ್ಲ. ಕಳ್ಳತನಕ್ಕೆ ಬಂದೋನು ಇಡೀ ಗೊಂಚಲು ಮುಗಿಸೋವರೆಗೆ ನಿಂತು ಮೇಯ್ತಾನಾ? ಇದು ತಿಂದ ಕಡ್ಡಿ ಅಲ್ಲ, ಕಿತ್ತ ಕಡ್ಡಿ. ಹಾಗಾದ್ರೆ ಹಣ್ಣೆಲ್ಲಿ? ಇಲ್ಲಿ. ಕಿಟಕಿಯಿಂದ ಸಮುದ್ರಕ್ಕೆ ಅಂತ ಎಸೆದದ್ದು. ದೋಣಿ ಇವತ್ತು ಅಲ್ಲಿದೆ ಅಂತ ಎಸೆದವರಿಗೆ ಗೊತ್ತಿರಲಿಲ್ಲ. ಕಟ್ಟಿದವನಿಗೆ ಗೊತ್ತಿತ್ತು."

"ಅಂದ್ರೆ?" ಅಂದ ಕ್ಯಾಪ್ಟನ್. ಅವನ ದನಿಯ ಬಿಸಿ ಸ್ವಲ್ಪ ಇಳಿದಿತ್ತು.

"ಅಂದ್ರೆ ಯಾರೋ ಇವನ ತಲೆಗೆ ಕಟ್ಟೋಕೆ ಕಡ್ಡಿ ಅಲ್ಲಿಟ್ಟಿದಾರೆ. ಈಗ ಯೋಚನೆ ಮಾಡಿ. ನೀವೇ ಆಗಿದ್ರೆ ಏನು ಮಾಡ್ತಿದ್ರಿ? ನಾಲ್ಕು ಬಾಯಿಗೆ ಹಾಕ್ಕೊಂಡು ಉಳಿದದ್ದು ಅಲ್ಲೇ ಬಿಡ್ತಿದ್ರಿ. ಅರ್ಧ ತಿಂದ ಗೊಂಚಲೂ ಸಾಕ್ಷಿನೇ. ನಿಮ್ಮ ತಂಗಿ ಗಂಡನಾಗಿದ್ರೆ ಕಡ್ಡಿ ಮೇಲೆ ಕರಿ ಗ್ರೀಸು ಇರ್ತಿತ್ತು. ನೀವಿಬ್ಬರೂ ನನ್ನ ಕಣ್ಣೆದುರೇ ದ್ರಾಕ್ಷಿ ತಿಂದ್ರಿ. ನಿಮಗೆ ಅದು ಬರೀ ಹಣ್ಣು. ಅದನ್ನ ಒಂದು ಗುರುತಾಗಿ ಇಡಬೇಕು ಅಂತ ನಿಮ್ಮ ತಲೆಗೆ ಹೊಳಿಯೋದೇ ಇಲ್ಲ. ಹೊಳಿಯೋದು ಯಾರಿಗೆ? ಹಬ್ಬಕ್ಕೆ ಮೊದಲು ದ್ರಾಕ್ಷಿ ತಿನ್ನೋದು ಪಾಪ ಅಂತ ನಂಬಿರೋರಿಗೆ. ಪಾಪ ಮಾಡೋನು ಪರಧರ್ಮದವನೇ ಆಗಿರಬೇಕು ಅಂದುಕೊಳ್ಳೋರಿಗೆ. ಸುಳ್ಳು ಸಾಕ್ಷಿ ಹುಟ್ಟಿಸುವಾಗಲೂ ಒಂದೇ ಒಂದು ಹಣ್ಣು ನಾಲಿಗೆ ಮೇಲಿಡೋಕೆ ಧೈರ್ಯ ಬರದೆ, ಅಷ್ಟನ್ನೂ ಕಿತ್ತು ಎಸೆದೋರಿಗೆ."

ಅವಳು ಟೋಪಿಯನ್ನು ಆಂಥಿಯ ಮುಂದಕ್ಕೆ ತಳ್ಳಿದಳು.

"ಈ ಮೇಜಿನ ಹತ್ತಿರ ಅಂಥವರು ಒಬ್ಬರೇ. ತೊಗೊಳಿ ಆಂಥಿ. ನಾನು ಹೇಳಿದ್ದು ಸುಳ್ಳಾದ್ರೆ ಒಂದು ತಿಂದು ತೋರಿಸಿ."

ಕಡಜವೊಂದು ಟೋಪಿಯ ಅಂಚಿನ ಮೇಲೆ ನಡೆಯುತ್ತಿತ್ತು. ಆಂಥಿ ಹಣ್ಣುಗಳನ್ನು ನೋಡಿದಳು. ಅವಳ ಕೈ ಒಮ್ಮೆ ಮೇಲೆದ್ದಿತು, ಮೇಜಿನ ಅಂಚಿನವರೆಗೆ ಬಂತು, ಅಲ್ಲೇ ನಿಂತಿತು. ಅಷ್ಟು ಹೊತ್ತೂ ಮಹ್ರೂಸ್ ಮನಸ್ಸಿನಲ್ಲೇ ತಿನ್ನು ಅಕ್ಕಾ, ತಿನ್ನು ಎಂದು ಬೇಡುತ್ತಿದ್ದ. ತಾನು ಪಾರಾಗಬೇಕೆಂಬುದೂ ಆ ಗಳಿಗೆಯಲ್ಲಿ ಅವನಿಗೆ ಮರೆತಿತ್ತು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಬಟ್ಟೆ ಬೀರುವಿನ ಮೇಲಿನ ಹಲಗೆಯಲ್ಲಿದೆ," ಅಂದಳು. "ಇಸ್ತ್ರಿ ಮಾಡಿದ ಬಿಳೀ ಮೇಜುಬಟ್ಟೆಯಲ್ಲಿ ಸುತ್ತಿದೀನಿ. ಸಂತನಿಗೆ ಏನೂ ಆಗಿಲ್ಲ."

ಸ್ಟ್ರಾಟೋಸ್ ಬಾಯಿ ತೆರೆದುಕೊಂಡೇ ಕುಳಿತಿದ್ದ. ಯಾಕೊವೊಸ್ ಕುರ್ಚಿ ಉರುಳಿಸಿ ಎದ್ದ.

"ನೀನಾ? ಅಪ್ಪನಿಗೆ ಕೊಟ್ಟ ಮಾತು ಮುರಿದೆಯಾ?"

"ಯಾವ ಅಪ್ಪ?" ಆಂಥಿಯ ದನಿ ಸೀಳಿತು. "ಸಾಯೋವಾಗ ಹಡಗಿಗೊಂದು ಮಾತು ಹೇಳಿದ. ನಿನಗೊಂದು ಮಾತು ಹೇಳಿದ. ನನಗೇನು ಹೇಳಿದ? ಮದುವೆಯಾದಾಗಿಂದ ಈ ಹಡಗಿನ ಹೊಟ್ಟೆಯೊಳಗೆ ಈರುಳ್ಳಿ ಹೆಚ್ತಿದೀನಿ. ಯಾರ್ಯಾರದೋ ಕೂದಲು ತೂಬಿನಿಂದ ಎಳೆದು ತೆಗೀತಿದೀನಿ. ಅಲ್ಲಾಡದ ನೆಲದ ಮೇಲೆ ಒಂದು ಬೇಸಿಗೆ ಮಲಗಬೇಕು ಅಂತ ನಿನ್ನ ಕಾಲು ಹಿಡಿದೆ. ನೀನು ಗೋಡೆ ಕಡೆ ಕೈ ತೋರಿಸಿದೆ. ಸರಿ, ಗೋಡೆ ಮೇಲಿಂದ ಅವನನ್ನ ಇಳಿಸಿದೆ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಅಡುಗೆಮನೆಯ ಸೆಕೆ, ಅವಳ ಊದಿದ ಮೊಣಕಾಲು, ಕ್ಯಾಪ್ಟನ್ನನ ಹಟ ಎಲ್ಲವೂ ಮಹ್ರೂಸನಿಗೆ ಗೊತ್ತಿದ್ದದ್ದೇ. ಮಾರುವ ಮಾತಿನಲ್ಲಿ ಅವನು ಒಳಗೊಳಗೇ ಅವಳ ಪಕ್ಷವೇ ವಹಿಸಿದ್ದ. ಅದು ಗೊತ್ತಿದ್ದರಿಂದಲೇ ಅವನ ಸಿಟ್ಟು ಇನ್ನೂ ಹೆಚ್ಚಾಯಿತು. ಅವನು ಮೇಜಿನ ಹತ್ತಿರ ಬಂದು, ಅವಳು ಕೊಟ್ಟಿದ್ದ ರೊಟ್ಟಿಯ ಗಂಟನ್ನು ಬಿಚ್ಚದೆಯೇ ಅವಳ ಮುಂದಿಟ್ಟ.

"ಅಣ್ಣನ ಮೇಲಿನ ಸಿಟ್ಟು ಅಣ್ಣನ ಮೇಲೆ ತೀರಿಸ್ಕೋಬೇಕಿತ್ತು," ಅಂದ. "ಒಂದು ದ್ರಾಕ್ಷಿ ತಿನ್ನೋಕೆ ಹೆದರಿದ್ರಿ. ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಯಾವ ಹಬ್ಬವೂ ಅಡ್ಡ ಬರಲಿಲ್ವಾ?"

"ನಿನ್ನನ್ನ ಊ‌ರಿಗೆ ಕಳಿಸಿಬಿಡ್ತಾರೆ ಅಷ್ಟೇ ಅಂದ್ಕೊಂಡೆ," ಅಂದಳು ಆಂಥಿ. "ನಿನಗೆ ಅಲ್ಲಿ ಮನೆ ಇದೆಯಲ್ಲ, ಮಹ್ರೂಸ್. ನನಗೆ ಅದೂ ಇಲ್ಲ."

ತನ್ನ ಹೆಸರು ಅವಳ ಬಾಯಲ್ಲಿ ಇಷ್ಟು ಅಸಹ್ಯವಾಗಿ ಕೇಳುತ್ತದೆಂದು ಅವನು ಎಂದೂ ಎಣಿಸಿರಲಿಲ್ಲ.

*

ಸಂತನನ್ನು ತಂದು ಮೊಳೆಗೆ ತಗುಲಿಹಾಕಿದರು. ಕ್ಯಾಪ್ಟನ್ ಪಟಕ್ಕೆ ತುಟಿ ಒತ್ತಿ, ಹೊರಗೆ ಬಂದು ಮಹ್ರೂಸನ ಭುಜದ ಮೇಲೆ ಕೈ ಹಾಕಿದ.

"ಮನೆ ಅಂದಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ," ಅಂದ ಗುಟ್ಟಿನ ದನಿಯಲ್ಲಿ. "ಮನಸ್ಸಿಗೆ ಹಚ್ಕೋಬೇಡ ಮನೋಲಿಸ್. ನಡಿ, ಲಂಗರು ಎತ್ತು. ಸಂಜೆಗೆ ಅಮೋರ್ಗೊಸ್ ಮುಟ್ಟಬೇಕು."

ಅವನ ಮಟ್ಟಿಗೆ ಪ್ರಕರಣ ಮುಗಿದಿತ್ತು. ಅಂಗಿಯ ಹರಿದ ಕೊರಳಪಟ್ಟಿ ಅವನ ಬೆರಳ ಕೆಳಗೇ ಇತ್ತು. ಅದೂ ಅವನಿಗೆ ತಿಳಿಯಲಿಲ್ಲ.

ಮಹ್ರೂಸ್ ಆ ಕೈಯನ್ನು ಭುಜದಿಂದ ಎತ್ತಿ ಕೆಳಗಿಟ್ಟ.

"ಬೆಳಿಗ್ಗೆ ಇಷ್ಟು ಮೆಲ್ಲಗೆ ಹೇಳಿರಲಿಲ್ಲ ನೀವು."

"ಅಂದ್ರೆ?"

"ಎಲ್ಲರ ಮುಂದೆ ಕಳ್ಳ ಅಂದ್ರಿ. ಎಲ್ಲರ ಮುಂದೆ ಅಲ್ಲ ಅನ್ನಿ."

ಕ್ಯಾಪ್ಟನ್ ಸುತ್ತ ನೋಡಿದ. ಮಧ್ಯಾಹ್ನದ ಊಟಕ್ಕೆ ಕಾದು ಹಸಿದಿದ್ದ ಪ್ರವಾಸಿಗರು ನೆರಳು ಹುಡುಕಿಕೊಂಡು ಕೂತಿದ್ದರು. ಜರ್ಮನ್ ಮುದುಕನ ತೊಡೆಯ ಮೇಲೆ ಚೀಲ ಇನ್ನೂ ಇತ್ತು. ಪೊಲಿಕ್ಸೆನಿ ಕಟಕಟೆಗೆ ಒರಗಿ, ಊದಿದ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಅವನ ಪರವಾಗಿ ಬೇಡ ಅನ್ನುವವರು ಯಾರೂ ಇರಲಿಲ್ಲ.

ಅವನು ಡೆಕ್ಕಿನ ನಡುವೆ ಹೋಗಿ ನಿಂತ. ಗಂಟಲು ಸರಿಮಾಡಿಕೊಂಡ.

"ಮನೋಲಿಸ್ ಕಳ್ಳನಲ್ಲ," ಅಂದ.

"ಮನೋಲಿಸ್ ಯಾರು?" ಅಂದ ಮಹ್ರೂಸ್. "ಈ ಹಡಗಲ್ಲಿ ಆ ಹೆಸರಿನೋರು ಯಾರೂ ಇಲ್ಲ."

ಯಾಕೊವೊಸನ ಕತ್ತಿನ ನರ ಉಬ್ಬಿತು. ಬೈಯುತ್ತಾನೆಂದೇ ಎಲ್ಲರೂ ತಿಳಿದರು. ಅವನು ಉಸಿರು ಎಳೆದುಕೊಂಡು, ಬೆಳಗಿನಷ್ಟೇ ಜೋರಾಗಿ ಕೂಗಿದ. "ಮಹ್ರೂಸ್ ಕಳ್ಳನಲ್ಲ!" ಗುಡ್ಡಗಳು ಆ ಹೆಸರನ್ನು ಒಂದು ಸಲ ಹಿಂದಿರುಗಿಸಿದವು.

"ಇವರಿಗೆ ನಿಮ್ಮ ಭಾಷೆ ಬರಲ್ಲ," ಅಂದ ಮಹ್ರೂಸ್. "ಬೆಳಿಗ್ಗೆ ಇವರಿಗೆ ಅರ್ಥವಾದದ್ದು ಬೆರಳಿಂದ. ಈಗಲೂ ಬೆರಳು ತೋರಿಸಿ."

ಅಡುಗೆಮನೆಯ ಬಾಗಿಲಲ್ಲಿ ಆಂಥಿ ನಿಂತಿದ್ದಳು. ಕ್ಯಾಪ್ಟನ್ ತಂಗಿಯನ್ನು ನೋಡಿದ. ತೋಳು ಅರ್ಧ ಎದ್ದಿತು. ಅವಳು ತಲೆ ತಗ್ಗಿಸಲಿಲ್ಲ, ಅವನನ್ನೇ ದಿಟ್ಟಿಸಿ ನೋಡುತ್ತ ನಿಂತಳು. ಕೊನೆಗೆ ಆ ಬೆರಳು ನಿಧಾನವಾಗಿ ಹಿಂದಕ್ಕೆ ಮಡಿಚಿಕೊಂಡು ಬಂದು ಅವನದೇ ಎದೆಯ ಮೇಲೆ ಕೂತಿತು. ಅವನು ಎದೆಯನ್ನು ಎರಡು ಸಲ ಕುಟ್ಟಿಕೊಂಡ.

ಜರ್ಮನ್ ಮುದುಕ ಅದನ್ನೇ ನೋಡುತ್ತಿದ್ದವನು, ತೊಡೆಯ ಮೇಲಿನ ಚೀಲವನ್ನು ಎತ್ತಿ ಕುರ್ಚಿಯ ಕೆಳಗಿಟ್ಟ.

ಮಹ್ರೂಸ್ ತನ್ನ ಚೀಲ ಹೆಗಲಿಗೇರಿಸಿ ಬಲಬದಿಯ ಏಣಿಯ ಕಡೆ ನಡೆದ. ಕುಂಟುತ್ತಲೇ ಇದ್ದ.

"ಲಂಗರು?" ಎಂದು ಹಿಂದಿನಿಂದ ಕ್ಯಾಪ್ಟನ್ ಕೇಳಿದ. ಈ ಸಲ ಅದು ಅಪ್ಪಣೆಯಂತಿರಲಿಲ್ಲ.

"ಸಂತ ಇದಾನಲ್ಲ," ಅಂದ ಮಹ್ರೂಸ್. "ಅವನಿಗೇ ಹೇಳಿ."

ದೋಣಿಯನ್ನು ಬೆಸ್ತನ ಕೈಲಿ ಹಿಂದಕ್ಕೆ ಕಳಿಸುವುದಾಗಿ ಹೇಳಿ, ಪೊಲಿಕ್ಸೆನಿ ಅವನಿಗೆ ಮುಂದಿನ ಜಾಗ ಬಿಟ್ಟುಕೊಟ್ಟು ತಾನು ಮೋಟಾರಿನ ಹತ್ತಿರ ಕುಳಿತಳು. ಸುಳ್ಳು ಆಪಾದನೆಯ ದೂರು ಕೊಡುವುದು ಬಿಡುವುದು ಅವನಿಗೆ ಸೇರಿದ್ದು, ಎಂದಳು. ಕೊಡುತ್ತೀಯಾ ಎಂದು ಕೇಳಿದಳು.

"ಕೊಡ್ತೀನಿ," ಅಂದ ಅವನು. "ಅಣ್ಣ ತಂಗಿ ಇಬ್ಬರ ಮೇಲೂ."

ಅವಳು ತಲೆಯಾಡಿಸಿ ಮೋಟಾರಿನ ಹಗ್ಗ ಎಳೆದಳು. ತಳದಲ್ಲಿ ಇನ್ನೂ ಒಂದು ದ್ರಾಕ್ಷಿ ಉಳಿದಿತ್ತು. ಮಹ್ರೂಸ್ ಅದನ್ನು ಹೆಕ್ಕಿ, ಅಂಗಿಗೆ ಒರೆಸಿ, ಹಡಗಿನ ಕಡೆ ಮುಖ ಮಾಡಿ ಕುಳಿತು ತಿಂದ.